ಚರ್ಮದ ಹಾಲ್ಟರ್ ಮೂರನೇ ಸಲವೂ ಅದೇ ಜಾಗದಲ್ಲಿ ಹರಿದಿದೆ, ತಪ್ಪು ಎಲ್ಲಿ?

ಬ್ಯಾಗುಹೊಲಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಚರ್ಮದ ಬ್ಯಾಗು, ಪರ್ಸು, ಬೆಲ್ಟ್ ಹೊಲಿಯುವವನು. ಹನ್ನೊಂದು ವರ್ಷದಿಂದ ಅದೇ ಕೆಲಸ. ಮನೆಯಲ್ಲಿ ಒಂದು ಹೆಣ್ಣು ಕುದುರೆ ಇದೆ. ಕಂದು ಬಣ್ಣ, ಹಣೆಯಲ್ಲಿ ಹೆಬ್ಬೆಟ್ಟು ಒತ್ತಿದಷ್ಟು ಬಿಳಿ. ಅವಳ ಹಾಲ್ಟರ್ ನಾನೇ ಹೊಲಿಯೋಣ ಅಂತ ಹೊರಟೆ. ಬೆಲ್ಟ್ ಹೊಲಿಯುವವನಿಗೆ ಹಾಲ್ಟರ್ ಏನು ಮಹಾ, ಐದಾರು ಪಟ್ಟಿ, ಒಂದಿಷ್ಟು ರಿಂಗು ಅಂದುಕೊಂಡಿದ್ದೆ. ಈಗ ಮೂರನೆಯದೂ ಹರಿದು ಮೇಜಿನ ಮೇಲೆ ಬಿದ್ದಿದೆ.

ಗೊಂದಲ ಆಗದಿರಲಿ ಅಂತ ಹೇಳ್ತೀನಿ, ಕಡಿವಾಣದ ಮಾತಲ್ಲ ಇದು. ಬಾಯೊಳಗೆ ಕಬ್ಬಿಣ ಇಲ್ಲದ, ಕಟ್ಟಿಹಾಕಲು ಮತ್ತು ಹಿಡಿದು ನಡೆಸಲು ಹಾಕುವ ಮುಖದ ಪಟ್ಟಿ.

ಹೊಲಿದದ್ದು ಹೀಗೆ. ಪಟ್ಟಿ 25 ಮಿ.ಮೀ. ಅಗಲ, ಎರಡು ಪದರ, ಪದರ ಒಂದಕ್ಕೆ 2.5 ಮಿ.ಮೀ. ತೊಗಟೆಯಲ್ಲಿ ಹದ ಮಾಡಿದ ಚರ್ಮ. ಕೆನ್ನೆಯ ಕೆಳಗೆ ಹಿತ್ತಾಳೆಯ ಚೌಕ ರಿಂಗು. 0.6 ಮಿ.ಮೀ. ಪಾಲಿಯೆಸ್ಟರ್ ದಾರ, ಎರಡು ಸೂಜಿಯ ಕೈಹೊಲಿಗೆ, ಇಂಚಿಗೆ 10. ನೋಡಲು ಚೆನ್ನಾಗಿಯೇ ಇತ್ತು, ನಾನೇ ಹೇಳಿಕೊಳ್ಳಬಾರದು.

ಹರಿದದ್ದು ಎಲ್ಲಿ ಅಂದರೆ, ಕೆನ್ನೆ ಪಟ್ಟಿ ಕೆಳಗಿನ ರಿಂಗನ್ನು ಸುತ್ತಿ ವಾಪಸ್ ಬರುತ್ತದಲ್ಲ, ಅಲ್ಲಿ. ರಿಂಗು ಅಲ್ಲಾಡಬಾರದು ಅಂತ ಅದರ ಪಕ್ಕದಲ್ಲೇ ಒಂದು ಸಾಲು ಅಡ್ಡ ಹೊಲಿಗೆ ಹಾಕಿದ್ದೆ. ಆ ಸಾಲಿನ ಗುಂಟ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಹರಿದಿದೆ. ದಾರ ಮಾತ್ರ ಒಂದೆಳೆಯೂ ತುಂಡಾಗಿಲ್ಲ! ಹರಿದ ತುದಿಯಿಂದ ಹಲ್ಲಿನ ಸಾಲಿನ ಹಾಗೆ ನೇತಾಡುತ್ತಿದೆ. ಅವಳು ಹಗ್ಗ ಜಗ್ಗಿದ್ದು ಒಂದೇ ಸಲ, ಹಿಂದೆ ಒಂದು ತಗಡು ಬಿದ್ದಾಗ.

ಬೇರೆ ತಕರಾರೂ ಇವೆ. ಮೂಗಿನ ಪಟ್ಟಿ ನಾಲ್ಕು ತಿಂಗಳಲ್ಲಿ ಉದ್ದವಾಗಿ ಜೋತುಬಿದ್ದಿದೆ, ಎರಡು ತೂತು ಜಾಸ್ತಿ ಬಿಗಿಯಬೇಕು. ಕಿವಿಯ ಹಿಂದೆ ಕೂದಲು ತೆಳುವಾಗಿದೆ. ರಿಂಗಿನ ಸುತ್ತ ಹಸಿರು ಅಂಟು ಬರುತ್ತದೆ, ಎಷ್ಟು ಒರೆಸಿದರೂ ವಾರದಲ್ಲಿ ಮತ್ತೆ ಬರುತ್ತದೆ.

ಮುಂದಿನದಕ್ಕೆ ಮೂರು ಪದರ ಹಾಕಲಾ? ಅಥವಾ ಎರಡು ಪದರದ ನಡುವೆ ನೈಲಾನ್ ಪಟ್ಟಿ ಇಟ್ಟು ಹೊಲಿದರೆ ಹೇಗೆ? ಇನ್ನು ಹರಿಯಲೇಬಾರದು, ಹಾಗೆ ಮಾಡಬೇಕು ಅಂತ ಹಟ ಬಂದಿದೆ.

---

ಓಟದಕಾಲು:

ನೈಲಾನ್ ಹಾಲ್ಟರ್ ಒಂದು ತಂದು ಹಾಕಿ, ಕೆಲಸ ಮುಗೀತು. ನನ್ನದು ಆರು ವರ್ಷ ಆಯ್ತು, ಇನ್ನೂ ಗಟ್ಟಿ.

---

ಮೇಣದದಾರ:

ಮೇಲಿನವರ ಮಾತು ಆಮೇಲೆ ನೋಡೋಣ. ಬ್ಯಾಗುಹೊಲಿಗೆಯವರೇ, ನಾನು ಜೀನು, ಲಗಾಮು, ಹಾಲ್ಟರ್ ರಿಪೇರಿ ಮಾಡುವವನು. ಹೊಸದು ಹೊಲಿದದ್ದಕ್ಕಿಂತ ಹರಿದದ್ದನ್ನು ಬಿಚ್ಚಿದ್ದೇ ಜಾಸ್ತಿ. ಹಾಗಾಗಿ ನಿಮ್ಮ ಹಾಲ್ಟರ್ ನೋಡದೆಯೇ ಕಣ್ಣಿಗೆ ಕಟ್ಟುತ್ತಿದೆ.

ಮೊದಲು ಆ ಅಡ್ಡ ಸಾಲು. ಲೆಕ್ಕ ಹಾಕಿ. ಇಂಚಿಗೆ 10 ಅಂದರೆ ಎರಡೂವರೆ ಮಿ.ಮೀ.ಗೆ ಒಂದು ತೂತು. 25 ಮಿ.ಮೀ. ಅಗಲದಲ್ಲಿ ಒಂಬತ್ತು ತೂತು. ನೀವು ತೂತು ಹಾಕುವ ಮೊನೆ ಸಣ್ಣದು, ಒಂದೊಂದು ತೂತು ಒಂದೂವರೆ ಮಿ.ಮೀ. ಅಂತ ಇಟ್ಟುಕೊಂಡರೂ ಹದಿಮೂರೂವರೆ ಮಿ.ಮೀ. ಹೋಯಿತು. ಉಳಿದ ಚರ್ಮ ಅರ್ಧಕ್ಕಿಂತ ಕಡಿಮೆ. ಅಂಚೆಚೀಟಿ ಹಾಳೆಗೆ ಸಾಲಾಗಿ ತೂತು ಹಾಕುವುದು ಯಾಕೆ? ನೇರವಾಗಿ ಹರಿಯಲಿ ಅಂತ. ನೀವು ಮಾಡಿದ್ದೂ ಅದೇ. ದಾರ ತುಂಡಾಗದೆ ಚರ್ಮ ಹರಿದಿದೆ ಅಂದರೆ ಹೊಲಿಗೆ ಚರ್ಮಕ್ಕಿಂತ ಗಟ್ಟಿಯಾಗಿತ್ತು ಅಂತ ಅರ್ಥ. ಅಲ್ಲಿ ಮೂರನೇ ಪದರ ಹಾಕಿದರೆ ಮೂರು ಪದರದ ಅಂಚೆಚೀಟಿ ಆಗುತ್ತದೆ, ಅಷ್ಟೇ.

ಪರ್ಸಿನ ಹೊಲಿಗೆ ಪರ್ಸಿಗೆ ಚೆಂದ. ಹಾಲ್ಟರಿಗೆ ಇಂಚಿಗೆ 6 ಸಾಕು, ಹೆಚ್ಚೆಂದರೆ 7. ದಾರ 0.8ರಿಂದ 1 ಮಿ.ಮೀ., ಮೇಣ ತಿಕ್ಕಿದ್ದು. ಹೊಲಿಗೆ ಪಟ್ಟಿಯ ಉದ್ದಕ್ಕೆ ಹೋಗಬೇಕು, ಎರಡು ಅಂಚಿಗೂ ಒಂದೊಂದು ಸಾಲು, ಅಂಚಿನಿಂದ 3-4 ಮಿ.ಮೀ. ಒಳಗೆ. ರಿಂಗು ಅಲ್ಲಾಡದಿರಲು ಅಡ್ಡ ಸಾಲು ಬೇಡ. ರಿಂಗಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರದಿಂದ ಶುರು ಮಾಡಿ, ಮೊದಲ ಎರಡು ಮೂರು ಹೊಲಿಗೆ ಮೇಲೆ ಇನ್ನೊಂದು ಸಲ ಹೋಗಿ. ಸುತ್ತಿ ಬಂದ ಬಾಲ 60-70 ಮಿ.ಮೀ. ಉದ್ದ ಇರಲಿ. ಅದರ ತುದಿಯಲ್ಲಿ ಎರಡು ಸಾಲೂ ಮೊನೆಯಾಗಿ ಸೇರಲಿ, ಅಲ್ಲೂ ಅಡ್ಡಗೆರೆ ಬೇಡ. ಹೊಲಿಯುವ ಮುಂಚೆ ಸಣ್ಣ ಕಾಲುವೆಯ ಹಾಗೆ ಗೆರೆ ಕೆತ್ತಿ, ದಾರ ಅದರೊಳಗೆ ಕೂತುಕೊಳ್ಳುತ್ತದೆ, ಗೋಡೆಗೆ ಉಜ್ಜಿದರೂ ಸವೆಯುವುದಿಲ್ಲ.

ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಡಿಕೆ ಚೆಂದ ಬರಲಿ ಅಂತ ರಿಂಗು ಕೂರುವ ಜಾಗದಲ್ಲಿ ಚರ್ಮವನ್ನು ಒಳಗಿನಿಂದ ಹೆರೆದಿದ್ದೀರಾ? ಬ್ಯಾಗಿನವರೆಲ್ಲ ಹೆರೆಯುತ್ತಾರೆ. ಜಗ್ಗಿದಾಗ ಭಾರ ಹೊರುವುದು ಆ ಒಳಗಿನ ನಾರೇ. ಅದನ್ನೇ ಹೆರೆದರೆ ಮೇಲಿನ ನುಣುಪು ಪದರ ಮಾತ್ರ ಉಳಿಯುತ್ತದೆ. ಹೆರೆಯಬೇಕಾದ್ದು ಬಾಲದ ಕೊನೆಯನ್ನು, ಮಡಿಕೆಯನ್ನಲ್ಲ. ಮಡಿಕೆ ಸರಿಯಾಗಿ ಬರದಿದ್ದರೆ ಒದ್ದೆ ಮಾಡಿ, ರಿಂಗಿನ ಮೇಲೆ ಎಳೆದು, ಕ್ಲಿಪ್ ಹಾಕಿ ಒಂದು ರಾತ್ರಿ ಬಿಡಿ. ಅದೇ ಆಕಾರಕ್ಕೆ ಬರುತ್ತದೆ.

ರಿಂಗನ್ನೂ ನೋಡಿ. ಅಚ್ಚಿನಲ್ಲಿ ಹೊಯ್ದ ರಿಂಗಿಗೆ ಒಳಗಡೆ ಒಂದು ಏಣು ಇರುತ್ತದೆ, ಕಣ್ಣಿಗೆ ಕಾಣಲ್ಲ. ಹತ್ತಿಯ ತುಣುಕು ತಗೊಂಡು ಒಳಸುತ್ತಿನಲ್ಲಿ ಎಳೆಯಿರಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲಿ ಚರ್ಮವೂ ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತಿರುತ್ತದೆ. ಸಣ್ಣ ಅರದಲ್ಲಿ ಉಜ್ಜಿ ನುಣ್ಣಗೆ ಮಾಡಿ. ಬಕಲ್ ಹಿತ್ತಾಳೆಯದೋ ಬರೀ ಬಣ್ಣವೋ ಅಂತ ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗಲ್ಲ, ಸತುವಿಗೂ ಅದು ಅಂಟಲ್ಲ. ಹಿಂಬದಿಯಲ್ಲಿ ಅರದಿಂದ ಒಂದು ಗೀರು ಹಾಕಿ. ಒಳಗೂ ಹಳದಿ ಇದ್ದರೆ ಹಿತ್ತಾಳೆ. ಬೂದು ಬಿಳಿ ಕಂಡರೆ ಸತು, ಅದು ಬಗ್ಗದೆ ಚಟಕ್ ಅಂತ ಮುರಿಯುತ್ತದೆ.

ನಿಮ್ಮ ಹಸಿರು ಅಂಟು ಕಿಲುಬು. ಚರ್ಮಕ್ಕೆ ಕುಡಿಸಿದ ಎಣ್ಣೆ ಕೊಬ್ಬು, ಹಿತ್ತಾಳೆಯೊಳಗಿನ ತಾಮ್ರ, ಎರಡೂ ಸೇರಿ ಆಗುವುದು. ಎಣ್ಣೆ ಜಾಸ್ತಿ ಹಾಕಿದಷ್ಟೂ ಜಾಸ್ತಿ ಬರುತ್ತದೆ. ಕಡ್ಡಿಯಲ್ಲಿ ಕೆರೆದು ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಕಮ್ಮಿ ಮಾಡಿ. ಅದು ಬೇಡವೇ ಬೇಡ ಅಂದರೆ ಸ್ಟೇನ್‌ಲೆಸ್ ಸ್ಟೀಲ್ ರಿಂಗು ಹಾಕಿ. ಬರೀ ಕಬ್ಬಿಣ ಮಾತ್ರ ಬೇಡ, ತೊಗಟೆ ಹದದ ಚರ್ಮಕ್ಕೆ ಒದ್ದೆ ಕಬ್ಬಿಣ ತಾಗಿದರೆ ಮಸಿಯ ಹಾಗೆ ಕಪ್ಪಾಗುತ್ತದೆ.

ಮೂಗಿನ ಪಟ್ಟಿ ಹಿಗ್ಗಿದ್ದು ನೀವು ಅದನ್ನು ಹೊಟ್ಟೆ ಭಾಗದ ಚರ್ಮದಿಂದ ಕತ್ತರಿಸಿದ್ದಕ್ಕೆ ಇರಬೇಕು. ಬೆಲ್ಟ್ ಕತ್ತರಿಸಿ ಉಳಿದ ತುಂಡು, ಹೌದಲ್ವಾ? ಬೆನ್ನಿನ ಭಾಗ ಬೇಕು, ಬೆನ್ನುಮೂಳೆಗೆ ಸಮನಾಗಿ ಕೊಯ್ದದ್ದು. ಅನುಮಾನ ಇದ್ದರೆ ಪಟ್ಟಿ ಕತ್ತರಿಸಿದ ಮೇಲೆ ಎರಡು ಗುರುತು ಹಾಕಿ, ಕೆಳಗೆ ಒಂದು ಬಕೆಟ್ ನೀರು ನೇತುಹಾಕಿ ಬೆಳಗಿನವರೆಗೆ ಬಿಡಿ. ಗುರುತು ಎಷ್ಟು ದೂರ ಹೋಗಿದೆ ಅಳೆಯಿರಿ. ಜಾಸ್ತಿ ಹಿಗ್ಗಿದ್ದನ್ನು ಪಟ್ಟಿಯ ತುದಿ ಸಿಕ್ಕಿಸುವ ಲೂಪಿಗೆ ಇಟ್ಟುಕೊಳ್ಳಿ.

ಈಗ ಮುಖ್ಯ ಮಾತು. "ಹರಿಯಲೇಬಾರದು" ಅಂದಿರಿ. ಅಲ್ಲೇ ನನಗೆ ಭಯ. ಬೇಲಿಯ ಗೂಟಕ್ಕೆ ಹಾಲ್ಟರ್ ಸಿಕ್ಕಿಕೊಂಡಿದೆ, ಸುತ್ತ ಯಾರೂ ಇಲ್ಲ ಅಂದುಕೊಳ್ಳಿ. ಹಾಲ್ಟರ್ ಹರಿಯದಿದ್ದರೆ ಕತ್ತು ಮುರಿಯುತ್ತದೆ. ಕುದುರೆ ಹಿಂದಕ್ಕೆ ಜಗ್ಗಿದಾಗ ಭಾರ ಗದ್ದದ ಕೆಳಗಿನ ರಿಂಗಿನಿಂದ ಕೆನ್ನೆ ಪಟ್ಟಿ ಹತ್ತಿ ನೆತ್ತಿಯ ಪಟ್ಟಿಗೆ ಹೋಗುತ್ತದೆ. ಹರಿಯುವುದಾದರೆ ಅಲ್ಲಿ, ಆ ನೆತ್ತಿ ಪಟ್ಟಿಯಲ್ಲಿ ಹರಿಯಲಿ. ಅದು ಎರಡೂ ಕಡೆ ಬಕಲಿನಲ್ಲಿ ಬಿಚ್ಚಿ ಬರುವ ಹಾಗೆ ಮಾಡಿ. ಉಳಿದದ್ದೆಲ್ಲ ಎರಡು ಪದರ, ನೆತ್ತಿ ಮಾತ್ರ ಒಂದೇ ಪದರ, 3 ಮಿ.ಮೀ. ಒಳಗೆ ನೈಲಾನ್, ಕ್ಯಾನ್ವಾಸ್ ಏನೂ ಇಡಬೇಡಿ. ಹರಿದರೆ ಒಂದೇ ಪಟ್ಟಿ ಹೊಸದು, ಹೊಲಿಗೆ ಕೂಡ ಬೇಡ. ಒಂದೇ ಸಲಕ್ಕೆ ನಾಲ್ಕು ಕತ್ತರಿಸಿ ತೂತು ಹಾಕಿ ಇಟ್ಟುಕೊಳ್ಳಿ.

ಓಟದಕಾಲು ಅವರೇ, ನಿಮ್ಮ ನೈಲಾನ್ ಹಾಲ್ಟರ್ ಆರು ವರ್ಷ ಹರಿದಿಲ್ಲ ಅಂದಿರಿ. ಸಿಕ್ಕಿಕೊಂಡದ್ದು ಎಷ್ಟು ಸಲ?

---

ಓಟದಕಾಲು:

ಒಂದು ಸಲವೂ ಇಲ್ಲ, ದೇವರ ದಯೆ. ಆದರೆ ನೀವು ಹೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ ಮಾರಾಯ್ರೆ. ನೈಲಾನಿಗೇ ನೆತ್ತಿಯ ಪಟ್ಟಿ ಮಾತ್ರ ಚರ್ಮದ್ದು ಹಾಕಬಹುದಾ?

---

ಮೇಣದದಾರ:

ಧಾರಾಳವಾಗಿ. ಎಷ್ಟೋ ಜನ ಹಾಗೇ ಮಾಡುತ್ತಾರೆ. ಹಳೆ ಬೆಲ್ಟಿನ ತುಂಡು ಮಾತ್ರ ಬೇಡ. ಎಷ್ಟೋ ಬೆಲ್ಟಿನೊಳಗೆ ರಟ್ಟು ಇರುತ್ತದೆ, ಮಳೆಗೆ ಉಬ್ಬುತ್ತದೆ, ಮಾಮೂಲಿ ಎಳೆತಕ್ಕೇ ಹರಿದುಬಿಡುತ್ತದೆ.

---

ಮರಿಗಳಲಾಯ:

ಮೇಣದದಾರ ಅಣ್ಣ ಹೇಳಿದ್ದಕ್ಕೆ ಮುಕ್ಕಾಲು ಪಾಲು ಒಪ್ಪಿಗೆ. ಕಾಲು ಪಾಲು ಜಗಳ ಇದೆ.

ನಾನು ಮರಿಗಳನ್ನು ಪಳಗಿಸುವವಳು. ಕಟ್ಟಿಹಾಕಿದ ಕುದುರೆ ಒಂದು ಸಲ ಜಗ್ಗಿ ಹಾಲ್ಟರ್ ಹರಿದುಕೊಂಡು ಹೋದರೆ, ಅದು ಅವತ್ತೇ ಪಾಠ ಕಲಿಯುತ್ತದೆ. ಮಾರನೇ ದಿನ ತಗಡು ಬೀಳೋದೂ ಬೇಡ, ಸುಮ್ನೆ ಜಗ್ಗುತ್ತದೆ. ನಮ್ಮಲ್ಲಿ ಒಂದು ಗಂಡು ಹೀಗೇ ಮೂರು ನೆತ್ತಿ ಪಟ್ಟಿ ತಿಂದುಹಾಕಿತು. ಹಾಗಾಗಿ ಒಂದೇ ಹಾಲ್ಟರಿನಲ್ಲಿ ಎರಡೂ ಕೆಲಸ ಬೇಡ ಅಂತ ನನ್ನ ವಾದ. ಕಣ್ಣೆದುರು ಕಟ್ಟಿ ಮೈ ಉಜ್ಜುವಾಗ ಗಟ್ಟಿಯದು, ಹಗ್ಗಕ್ಕೆ ಎಳೆದರೆ ಬಿಚ್ಚುವ ಗಂಟು, ನಾನು ಪಕ್ಕದಲ್ಲೇ. ಬಯಲಿಗೆ ಬಿಡುವಾಗ ಹಾಲ್ಟರೇ ಬೇಡ. ಬಿಡಲೇಬೇಕು ಅಂದರೆ ಅಣ್ಣ ಹೇಳಿದ ತೆಳು ನೆತ್ತಿ.

ಈಗ ಆ ಕೂದಲು ಉದುರಿದ್ದು. ನಿಮ್ಮ ಬಕಲ್ ಎಲ್ಲಿ ಕೂತಿದೆ ನೋಡಿ. ಕಿವಿಯ ಬುಡಕ್ಕೆ ತಾಗುತ್ತಿರಬೇಕು. ಕಿವಿ ಹಿಂದೆ ತಿರುಗಿಸಿದಾಗಲೆಲ್ಲ ಉಜ್ಜುತ್ತದೆ. ನೆತ್ತಿ ಪಟ್ಟಿ ಉದ್ದ ಮಾಡಿ, ಬಕಲ್ ಕಣ್ಣಿನ ಮಟ್ಟಕ್ಕೆ ಇಳಿಯಲಿ, ಆದರೆ ಕಣ್ಣಿನಿಂದ ದೂರ ಹಿಂದೆ. ಪಟ್ಟಿ ನೆತ್ತಿಯ ಮೇಲೆ ಮಾತ್ರ 35 ಮಿ.ಮೀ. ಅಗಲ ಇದ್ದು, ಕಿವಿ ಬರುವಲ್ಲಿ ಒಳಗೆ ಕೊರೆದು, ಆಚೆ ಈಚೆ ಮತ್ತೆ 25ಕ್ಕೆ ಬರಲಿ. ಅಗಲ ಇದ್ದರೆ ಒತ್ತಡ ಹರಡುತ್ತದೆ. ಕೆಲವರು ಉಣ್ಣೆ ಸುತ್ತುತ್ತಾರೆ. ನನಗೆ ಇಷ್ಟ ಇಲ್ಲ, ಬೆವರು ಹೊಟ್ಟು ಎಲ್ಲ ಅದರಲ್ಲೇ ಕೂತು ಆಮೇಲೆ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಅಂಚನ್ನು ಚೆನ್ನಾಗಿ ದುಂಡಗೆ ಮಾಡಿದರೆ ಸಾಕು. ಮಾಡಿದ ಮೇಲೆ ನಿಮ್ಮ ಮೊಣಕೈ ಒಳಗಡೆ ಉಜ್ಜಿ ನೋಡಿಕೊಳ್ಳಿ. ನಿಮಗೆ ಚುಚ್ಚಿದರೆ ಅವಳಿಗೂ ಚುಚ್ಚುತ್ತದೆ.

ಅಳತೆ ಹೇಗೆ ತೆಗೆದಿರಿ? ಮೂಗಿನ ಪಟ್ಟಿ ಕೆನ್ನೆಯ ಏಣು ಮೂಳೆ ಮುಗಿಯುವಲ್ಲಿಂದ ಎರಡು ಬೆರಳು ಕೆಳಗೆ ಇರಬೇಕು. ಅದಕ್ಕಿಂತ ಕೆಳಗೆ ಇಳಿದರೆ ಮೂಗಿನ ಮೂಳೆ ತೆಳುವಾಗುತ್ತಾ ಹೋಗುತ್ತದೆ, ತುದಿಯಲ್ಲಿ ಬರೀ ಮೆದು ಎಲುಬು. ಅಲ್ಲಿ ಒತ್ತಡ ಬೀಳಬಾರದು. ನಿಮ್ಮ ಜೋತುಬಿದ್ದ ಪಟ್ಟಿ ಅಲ್ಲಿಗೇ ಹೋಗಿರುತ್ತದೆ. ಪಟ್ಟಿಯೊಳಗೆ ಎರಡು ಮೂರು ಬೆರಳು ಹೋಗಬೇಕು, ಗಂಟಲ ಹತ್ತಿರ ಮುಷ್ಟಿ ಹೋಗಬೇಕು. ಬಾಯಾಡಿಸುವಾಗ ದವಡೆ ಅಗಲ ಆಗುತ್ತದೆ ಅಂತ ನೆನಪಿಡಿ. ಸುಮ್ಮನೆ ನಿಂತಾಗ ಅಳತೆ ತೆಗೆದರೆ ಮೇಯುವಾಗ ಬಿಗಿ. ತೀರಾ ಸಡಿಲವೂ ಬೇಡ. ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುವಾಗ ಗೊರಸು ಒಳಗೆ ಸಿಕ್ಕಿಕೊಂಡದ್ದನ್ನು ನಾನೇ ಬಿಡಿಸಿದ್ದೇನೆ.

ಮರಿಗಳಿಗೆ ಹೊಲಿಯುವ ಯೋಚನೆ ಇದ್ದರೆ ಪಟ್ಟಿ 16ರಿಂದ 19 ಮಿ.ಮೀ. ಸಾಕು. ಮೂಗಿಗೂ ನೆತ್ತಿಗೂ ಬಕಲ್ ಇರಲೇಬೇಕು. ಮರಿಯ ತಲೆ ಎಷ್ಟು ಬೇಗ ಬೆಳೆಯುತ್ತದೆ ಅಂದರೆ, ವಾರಕ್ಕೊಮ್ಮೆ ನೋಡದಿದ್ದರೆ ಪಟ್ಟಿ ಚರ್ಮದೊಳಗೇ ಹೂತುಹೋಗುತ್ತದೆ.

---

ಮೇಣದದಾರ:

ಮೇಡಂ, ಆ ಕಾಲು ಪಾಲು ಒಪ್ಪಿದೆ. ಎರಡು ಹಾಲ್ಟರ್. ಇಲ್ಲವೇ ಒಂದೇ ಹಾಲ್ಟರ್, ಎರಡು ನೆತ್ತಿ ಪಟ್ಟಿ, ಕಟ್ಟಲು ದಪ್ಪ, ಬಿಡಲು ತೆಳು. ಬಿಚ್ಚಿ ಹಾಕುವ ಹಾಗೆ ಇರುವುದರ ಲಾಭವೇ ಅದು.

---

ನಿಧಾನನಡಿಗೆ:

ವಿಷಯ ಸ್ವಲ್ಪ ಪಕ್ಕದ್ದು, ಆದರೂ ಬರೀತೀನಿ. ನಮ್ಮ ಕುದುರೆಗೆ ಆಪರೇಷನ್ ಆಯಿತು. ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟು ಮಲಗಿಸುವಾಗ ಹಾಲ್ಟರ್ ಬಿಚ್ಚಲು ನಾನೇ ಮರೆತೆ, ಯಾರನ್ನೂ ದೂರುವ ಹಾಗಿಲ್ಲ. ಎರಡು ಗಂಟೆ ಒಂದೇ ಮಗ್ಗುಲು, ಕೆನ್ನೆ ಕೆಳಗೆ ರಿಂಗು. ಎದ್ದ ಮೇಲೆ ನೋಡಿದರೆ ತುಟಿ ಒಂದು ಕಡೆ ಜೋತುಬಿದ್ದಿದೆ, ನೀರು ಕುಡಿದರೆ ಪಕ್ಕದಿಂದ ಸುರಿಯುತ್ತದೆ. ಮುಖದ ನರ ಕೆನ್ನೆಯ ಸ್ನಾಯುವಿನ ಮೇಲೆ, ಚರ್ಮದ ಕೆಳಗೇ ಹಾದುಹೋಗುತ್ತದಂತೆ. ಒತ್ತಡಕ್ಕೆ ಅದು ಮರಗಟ್ಟಿತ್ತು. ಸರಿಹೋಗಲು ಐದು ವಾರ ಬೇಕಾಯಿತು.

ಅಂದಿನಿಂದ ಹಾಲ್ಟರ್ ನೋಡಿದಾಗಲೆಲ್ಲ ಒಳಬದಿ ತಿರುಗಿಸಿ ನೋಡುವ ಚಟ. ರಿವೆಟ್ ತಲೆ ಒಳಗಿದೆಯಾ, ಗಂಟು ಒಳಗಿದೆಯಾ, ಬಕಲ್ ಚಪ್ಪಟೆಯಾ ಉಬ್ಬಾ ಅಂತ. ಹೊಲಿಯುವವರು ಹೊರಗಿನ ಚೆಂದ ನೋಡುತ್ತಾರೆ, ಕುದುರೆಗೆ ಸಿಗುವುದು ಒಳಬದಿ.

---

ಬ್ಯಾಗುಹೊಲಿಗೆ:

ಎಲ್ಲರಿಗೂ ಬರೆಯಲು ಏಳು ವಾರ ತಡ ಮಾಡಿದೆ, ಕ್ಷಮಿಸಿ.

ಮೇಣದದಾರ ಅಣ್ಣಾ, ಹೌದು, ಮಡಿಕೆ ಹೆರೆದಿದ್ದೆ. 2.5 ಇದ್ದದ್ದನ್ನು ಒಂದೂಕಾಲಿಗೆ ತಂದಿದ್ದೆ, ಅದೂ ಹೆಮ್ಮೆಯಿಂದ. ಮೂಗಿನ ಪಟ್ಟಿ ಬೆಲ್ಟಿನಿಂದ ಉಳಿದ ಹೊಟ್ಟೆ ಭಾಗ ಅನ್ನುವುದೂ ಹೌದು. ನಮ್ಮ ಮನೆಗೆ ಬಂದು ನೋಡಿದವರ ಹಾಗೆ ಬರೆದಿದ್ದೀರಿ. ಹತ್ತಿ ಎಳೆದು ನೋಡಿದೆ, ನಾಲ್ಕು ರಿಂಗಿನಲ್ಲಿ ಮೂರಕ್ಕೆ ಎಳೆ ಸಿಕ್ಕಿಕೊಂಡಿತು.

ಬಕೆಟ್ ಪರೀಕ್ಷೆಯೂ ಮಾಡಿದೆ. ಬೆನ್ನಿನ ಪಟ್ಟಿ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಹೊಟ್ಟೆಯ ಪಟ್ಟಿ ಅಷ್ಟೇ ಉದ್ದದ್ದು, ಬೆಳಿಗ್ಗೆ ಬಕೆಟ್ ನೆಲಕ್ಕೆ ತಾಗಿ ನಿಂತಿತ್ತು!

ನಾಲ್ಕನೆಯದು ಈಗ ಅವಳ ಮುಖದ ಮೇಲಿದೆ. ಇಂಚಿಗೆ 6, ಒಂದು ಮಿ.ಮೀ. ದಾರ. ಮೊದಮೊದಲು ನನ್ನ ಕಣ್ಣಿಗೆ ಗೋಣಿಚೀಲ ಹೊಲಿದ ಹಾಗೆ ಕಂಡಿತು, ಈಗ ರೂಢಿಯಾಗಿದೆ. ಬಕಲ್ ನಾಲಿಗೆ ಹೋಗುವ ಉದ್ದ ತೂತನ್ನು ಮುಂಚೆ ಚಾಕುವಿನಲ್ಲಿ ಸೀಳುತ್ತಿದ್ದೆ. ಈ ಸಲ ಎರಡು ತುದಿಗೂ ಪಂಚಿನಲ್ಲಿ ದುಂಡು ತೂತು ಹಾಕಿ ನಡುವೆ ಮಾತ್ರ ಸೀಳಿದೆ. ಹಳೆಯದು ಮೂರನ್ನೂ ತೆಗೆದು ನೋಡಿದರೆ, ಸೀಳಿದ ತುದಿಯಿಂದ ಕೂದಲೆಳೆಯಷ್ಟು ಬಿರುಕು ಎಲ್ಲದರಲ್ಲೂ ಓಡಿದೆ. ಅಡ್ಡ ಹೊಲಿಗೆ ಹರಿಯದಿದ್ದರೆ ಮುಂದಿನ ಸರದಿ ಅದರದ್ದೇ ಇತ್ತು. ನೆತ್ತಿ ಪಟ್ಟಿ ಒಂದು ದಪ್ಪ, ಎರಡು ತೆಳು ಕತ್ತರಿಸಿಟ್ಟಿದ್ದೇನೆ. ಕಿವಿಯ ಹಿಂದೆ ಕೂದಲು ಮೊಳೆಯುತ್ತಿದೆ, ಸ್ವಲ್ಪ ಬಿಳಿ ಬರುತ್ತಿದೆ ಅನ್ನಿಸುತ್ತೆ. ಇರಲಿ, ನನ್ನ ತಪ್ಪಿನ ಗುರುತು.

ಒಂದೇ ಒಂದು ಕಿರಿಕಿರಿ ಉಳಿದಿದೆ. ಮೂಗಿನ ಪಟ್ಟಿಯ ಎರಡು ಪದರವನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಅಂಟಿಸಿ ಹೊಲಿದೆ. ಈಗ ಮೂಗಿನ ಮೇಲೆ ಬಾಗಿದಾಗ ಒಳಪದರ ಸುಕ್ಕುಗಟ್ಟಿ ಏಣು ಏಣಾಗಿದೆ. ನಿಧಾನನಡಿಗೆಯವರು ಹೇಳಿದ ಮೇಲೆ ಒಳಬದಿ ತಿರುಗಿಸಿ ನೋಡಿದ್ದಕ್ಕೇ ಕಂಡಿತು. ಇದಕ್ಕೇನು ಮಾಡೋದು?

---

ಮೇಣದದಾರ:

ಬಿಚ್ಚೋದು. ಬಾಗಿದಾಗ ಒಳಪದರ ಹೊರಪದರಕ್ಕಿಂತ ಗಿಡ್ಡ ಇರಬೇಕಲ್ಲ, ಚಪ್ಪಟೆ ಅಂಟಿಸಿದರೆ ಎರಡೂ ಒಂದೇ ಉದ್ದ. ಹೆಚ್ಚಾದದ್ದು ಸುಕ್ಕಾಗದೆ ಎಲ್ಲಿಗೆ ಹೋಗುತ್ತದೆ? ಅವಳ ಮೂಗಿನಷ್ಟು ದಪ್ಪದ ಡಬ್ಬವೋ ಪೈಪೋ ಹುಡುಕಿ. ಒಳಪದರವನ್ನು ಅದಕ್ಕೆ ಸುತ್ತಿ, ಅದರ ಮೇಲೆ ಹೊರಪದರ ಎಳೆದು ಅಂಟಿಸಿ, ಹಾಗೇ ಒಣಗಲು ಬಿಡಿ. ಒಣಗಿದ ಮೇಲೆ ಅಂಚು ಸಮ ಮಾಡಿ. ತೂತನ್ನೂ ಬಾಗಿದ ಸ್ಥಿತಿಯಲ್ಲೇ ಹಾಕಿ, ಮತ್ತೆ ಚಪ್ಪಟೆ ಮಾಡಬೇಡಿ. ಹಳೆ ತೂತುಗಳು ಹೊಂದುವುದಿಲ್ಲ, ಒಳಪದರ ಹೊಸದೇ ಕತ್ತರಿಸಿ. ತೆಳುವಾಗಿದ್ದರೂ ನಡೆಯುತ್ತದೆ, ಒಂದೂವರೆ ಮಿ.ಮೀ. ಸಾಕು.

---

ಬ್ಯಾಗುಹೊಲಿಗೆ:

ಪೈಪು ಸಿಗಲಿಲ್ಲ. ಬಣ್ಣದ ಹಳೇ ಡಬ್ಬ ಸಿಕ್ಕಿತು, ಅಳೆದರೆ ಅವಳ ಮೂಗಿಗಿಂತ ಒಂದು ಬೆರಳು ದಪ್ಪ. ಒಂದು ಬೆರಳು ನಡೆಯುತ್ತಾ?

---

ಮೇಣದದಾರ:

ಇಲ್ಲ. ಅಷ್ಟು ದೊಡ್ಡದಕ್ಕೆ ಸುತ್ತಿದರೆ ಸುಕ್ಕು ಕಮ್ಮಿ ಆಗುತ್ತೆ, ಹೋಗಲ್ಲ. ಚಿಕ್ಕದಿದ್ದರೆ ಅಡ್ಡಿಯಿಲ್ಲ, ಮೇಲೆ ಬಟ್ಟೆ ಸುತ್ತಿ ದಪ್ಪ ಮಾಡಬಹುದು. ಚಿಕ್ಕ ಡಬ್ಬ ಹುಡುಕಿ.